ನೀರು ಬಿಸಿ ಉಂಟು

ತೋಡಾರಿನ ಮೈಮುನಾ ಈಗ ಬಾಣಂತಿಯರಿಗೆ ನೀರು ಹಾಕುವ ಕೆಲಸ ಮಾಡುತ್ತಾಳೆ. ಎರಡು ವರ್ಷ ಚೆಂಬು ಹಿಡಿದು ನನ್ನ ಹಿಂದೆ ತಿರುಗಿ ಕಲಿತವಳು. ನನ್ನ ಬಲಗೈಯ ಮಣಿಗಂಟು ಹೋದ ಮೇಲೆ ನನ್ನ ಮನೆಗಳೆಲ್ಲ ಅವಳ ಪಾಲಿಗೆ ಹೋದವು. ಅವಳ ಹಿಂದೆ ಈಗ ಇನ್ನಿಬ್ಬರು ಹುಡುಗಿಯರು ಸೇರಿದ್ದಾರೆ. ಮೊನ್ನೆ ಮೈಮುನಾ ಬಂದವಳು, "ಲೀಲಕ್ಕ, ನಿಮಗೆ ಗೊತ್ತಿರುವುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಈ ಹುಡುಗಿಯರಿಗೆ ಓದ್ಲಿಕ್ಕೆ ಆಗ್ತದೆ" ಎಂದು ಗೆರೆ ಹಾಕಿದ ಪುಸ್ತಕ ಒಂದನ್ನು ಇಟ್ಟು ಹೋದಳು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಅಕ್ಷರ ದೊಡ್ಡದಾಗಿ, ಸೊಟ್ಟಗೆ ಬೀಳುತ್ತದೆ. ಆದರೂ ಬರೆಯಲು ಬರುತ್ತದೆ.

ನೀರು ಎಷ್ಟು ಬಿಸಿ ಇರಬೇಕು, ಎಣ್ಣೆಯನ್ನು ಎಲ್ಲಿಂದ ಎಲ್ಲಿಗೆ ಉಜ್ಜಬೇಕು, ಮಗುವಿನ ಕುತ್ತಿಗೆ ಹೇಗೆ ಹಿಡಿಯಬೇಕು, ಇದೆಲ್ಲ ಕೈಯಲ್ಲಿ ತೋರಿಸುವಂಥದು. ಬರೆದು ಹೇಳಿದರೆ ಯಾರಿಗೂ ಬರುವುದಿಲ್ಲ. ಅದನ್ನು ಮೈಮುನಾ ಕಲಿಸುತ್ತಾಳೆ. ನಾನು ಬರೆಯುವುದು ನನ್ನ ಬಾಯಿಯ ತಪ್ಪುಗಳನ್ನು. ನಲ್ವತ್ತು ವರ್ಷ ಕೆಲಸ ಮಾಡಿದ್ದರಲ್ಲಿ ಕೈತಪ್ಪು ಒಂದೇ ಒಂದು ಸಲ ಆಗಿದೆ. ಬಾಯಿ ದೊಡ್ಡದಾಗಿ ತಪ್ಪಿದ್ದು ಎರಡು ಮನೆಯಲ್ಲಿ. ಒಂದು ಅಳದಂಗಡಿಯ ಮನೆ, ಇನ್ನೊಂದು ನನ್ನದೇ ಮನೆ. ಅಳದಂಗಡಿಯದನ್ನು ಇನ್ನು ಸರಿಮಾಡುವ ಹಾಗಿಲ್ಲ. ನನ್ನ ಮನೆಯಲ್ಲಿ ಮಾತ್ರ ಆ ಮನುಷ್ಯ ಇನ್ನೂ ಕಣ್ಣೆದುರೇ ಇದ್ದಾರೆ. ಅವರಿಗೆ ಹೇಳಬೇಕಾದ ಒಂದು ಮಾತು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಗಂಟಲಲ್ಲೇ ಕೂತಿದೆ.

ನನಗೆ ಈ ಕೆಲಸ ಕಲಿಸಿದ್ದು ನನ್ನ ದೊಡ್ಡಮ್ಮ ಚೋಮಕ್ಕ. ಬಂಟ್ವಾಳದ ಸುತ್ತಮುತ್ತ ಅವಳು ಕಾಲಿಡದ ಬಾಣಂತಿ ಮನೆ ಇರಲಿಲ್ಲ. ನಗುವ ಹೆಂಗಸಲ್ಲ. ಅವಳದ್ದು ಮೂರು ಕಟ್ಟಳೆ. ಬಚ್ಚಲಿನ ಹತ್ತಿರ ಗಂಡಸರು ಬರಬಾರದು. ನೀರನ್ನು ಮೊದಲು ಮೊಣಕೈಯಲ್ಲಿ ನೋಡಬೇಕು. ಇನ್ನು ಮೂರನೆಯದು: ನಾವು ಒಳಗೆ ಹೊತ್ತುಕೊಂಡು ಹೋಗುವುದು ನೀರು ಮಾತ್ರ, ಮಾತು ಹೊತ್ತುಕೊಂಡು ಹೋಗಬಾರದು, ಹೊರಗೆ ತರಲೂಬಾರದು.

ಎರಡನೆಯ ಕಟ್ಟಳೆಯನ್ನು ನಾನು ಪೆಟ್ಟು ತಿಂದು ಕಲಿತೆ. ಕಲ್ಲಡ್ಕದ ಒಂದು ಮನೆಯಲ್ಲಿ ದೊಡ್ಡಮ್ಮ ನನ್ನನ್ನು ಮೊದಲ ಸಲ ಒಬ್ಬಳನ್ನೇ ಬಚ್ಚಲಿಗೆ ಬಿಟ್ಟಿದ್ದಳು. ನಾನು ಅಂಗೈ ಅದ್ದಿ ನೋಡಿ ಹದವಾಗಿದೆ ಎಂದು ಒಂದು ಚೆಂಬು ತುಂಬ ಬಾಣಂತಿಯ ಬೆನ್ನಿಗೆ ಹೊಯ್ದೆ. ಅವಳು ಕೂಗಿದ ಕೂಗಿಗೆ ಇಡೀ ಮನೆ ಬಾಗಿಲಿಗೆ ಬಂತು. ಬೆನ್ನು ಕೆಂಪಾಗಿತ್ತು, ಪುಣ್ಯಕ್ಕೆ ಗುಳ್ಳೆ ಏಳಲಿಲ್ಲ. ದೊಡ್ಡಮ್ಮ ಎಲ್ಲರನ್ನೂ ಆಚೆ ಕಳಿಸಿ ನನ್ನ ಕೈ ಹಿಡಿದು ಅದೇ ನೀರನ್ನು ಮೊಣಕೈ ಮೇಲೆ ಸುರಿದಳು. ನಾನು ಹಾರಿಬಿದ್ದೆ.

"ಈಗ ಗೊತ್ತಾಯ್ತಾ? ಒಲೆ ಮುಂದೆ ಕೂತು ಕೂತು ನಿನ್ನ ಅಂಗೈ ಸತ್ತಿದೆ. ಸತ್ತ ಕೈಯಲ್ಲಿ ಬೇರೆಯವರ ಬಿಸಿ ನೋಡ್ಬೇಡ" ಎಂದಳು.

ಮೂರನೆಯ ಕಟ್ಟಳೆಗೂ ಕಾರಣ ಇತ್ತು. ಬೆನ್ನು ಉಜ್ಜುವಾಗ ಹೆಂಗಸಿನ ಮುಖ ನಮಗೆ ಕಾಣುವುದಿಲ್ಲ, ನಮ್ಮದು ಅವಳಿಗೆ ಕಾಣುವುದಿಲ್ಲ. ಹಾಗಾಗಿ ಅವಳು ಎಲ್ಲವನ್ನೂ ಹೇಳುತ್ತಾಳೆ. ಗಂಡನದ್ದು, ಅತ್ತೆಯದ್ದು, ತನ್ನ ತಾಯಿಯದ್ದೂ ಕೂಡ. ಅದನ್ನು ಅಂಗಳಕ್ಕೆ ತಂದವಳಿಗೆ ನಾಳೆಯಿಂದ ಆ ಮನೆಯಲ್ಲಿ ಕೆಲಸ ಇಲ್ಲ. ನಾನು ಈ ಕಟ್ಟಳೆಯನ್ನು ಬಹಳ ಗಟ್ಟಿಯಾಗಿ ಹಿಡಿದೆ. ಲೀಲಕ್ಕನ ಬಾಯಿ ಬೀಗ ಹಾಕಿದ ಬಾಯಿ ಎಂದು ಹೆಸರು ಬಂತು. ಆ ಹೆಸರು ನನಗೆ ಹೆಮ್ಮೆಯಾಗಿತ್ತು.

ಈಗ ನನ್ನ ಮನೆಯ ವಿಷಯ.

ನನ್ನ ಗಂಡ ಕೂಸಪ್ಪ, ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿಯುವವರು. ಬೆಳಿಗ್ಗೆ ಬೆಳಕು ಹರಿಯುವ ಮೊದಲು ಹೋದರೆ ಮಧ್ಯಾಹ್ನ ಮೂರಕ್ಕೆ ಮನೆಗೆ ಬರುತ್ತಿದ್ದರು, ತಲೆಯಿಂದ ಕಾಲಿನವರೆಗೆ ಕೆಂಪು ಹುಡಿ ಮೆತ್ತಿಕೊಂಡು. ನಾನು ಮೂರು ಮನೆ ಮುಗಿಸಿ ಬರುವಾಗ ನಾಲ್ಕು ಗಂಟೆ. ಬಾಣಂತಿಗೆ ನೀರು ಹಾಕುವವಳ ಮೈ ಸಂಜೆಗೆ ಹೇಗಿರುತ್ತದೆ ಎಂದು ಈ ಕೆಲಸಕ್ಕೆ ಬಂದ ಹುಡುಗಿಯರಿಗೆ ಹೇಳಬೇಕಾಗಿಲ್ಲ. ಸೀರೆ ಅರ್ಧ ಒದ್ದೆ, ಕೂದಲಲ್ಲಿ ಹೊಗೆ, ಕೈಗೆಲ್ಲ ಎಣ್ಣೆ ಜಿಡ್ಡು. ಸೊಂಟ ಬಗ್ಗಿದ್ದು ನೆಟ್ಟಗಾಗುವುದಿಲ್ಲ.

ನಾನು ಅಂಗಳಕ್ಕೆ ಕಾಲಿಡುವಾಗ ಅವರು ಜಗಲಿಯಿಂದ ಹೇಳುತ್ತಿದ್ದರು: "ನೀರು ಬಿಸಿ ಉಂಟು."

ಅಷ್ಟೇ. ಹೇಗಾಯಿತು, ಸುಸ್ತಾಯಿತಾ, ಏನೂ ಇಲ್ಲ. ತಾವು ಕೋರೆಯಿಂದ ಬಂದು ಬಾವಿಯ ತಣ್ಣೀರಲ್ಲಿ ಮಿಂದು, ನನಗೆಂದು ಒಲೆ ಹೊತ್ತಿಸಿ ಹಂಡೆ ತುಂಬಿಸಿ ನೀರು ಕಾಯಿಸಿಡುತ್ತಿದ್ದರು. ಒಂದಲ್ಲ ಎರಡಲ್ಲ, ಹನ್ನೊಂದು ವರ್ಷ. ನಾನು ಕೇಳಿದ್ದಲ್ಲ. ಒಂದು ಸಲ ನಾನು ಜ್ವರ ಬಂದು ಬಿದ್ದಿದ್ದಾಗ ಶುರು ಮಾಡಿದವರು, ಮತ್ತೆ ಬಿಡಲೇ ಇಲ್ಲ. ಇಡೀ ದಿನ ಊರಿನ ಹೆಂಗಸರಿಗೆ ಬಿಸಿನೀರು ಹೊಯ್ಯುವವಳಿಗೆ ಬಿಸಿನೀರು ಇಟ್ಟ ಮನುಷ್ಯ ಈ ಲೋಕದಲ್ಲಿ ಅವರೊಬ್ಬರೇ.

ಒಂದು ದಿನ ಬೇಗ ಬಂದೆ. ಬಚ್ಚಲಿನ ಬಾಗಿಲು ತೆರೆದಿತ್ತು. ಅವರು ಬಗ್ಗಿ ಹಂಡೆಗೆ ಮೊಣಕೈ ಅದ್ದಿ ನೋಡುತ್ತಿದ್ದರು. ಕಲ್ಲು ಕಡಿಯುವ ಕೈಯೂ ಸತ್ತ ಕೈಯೇ. ನಾನು ಕಲಿಸಿದ್ದಲ್ಲ, ನನ್ನನ್ನು ಯಾವಾಗಲೋ ನೋಡಿ ಕಲಿತುಕೊಂಡಿದ್ದರು. ನನಗೆ ನಗು ಬಂತು, ಜೊತೆಗೆ ಮತ್ತೇನೋ ಬಂತು. ಎರಡನ್ನೂ ನುಂಗಿ, "ನನಗೆ ಚಾ ಇಲ್ವಾ?" ಎಂದು ಕೇಳಿದೆ.

ಯಾಕೆ ಹೇಳಲಿಲ್ಲ ಎಂದರೆ, ನಮ್ಮಲ್ಲಿ ಅಂಥ ಮಾತು ಗಂಡ ಹೆಂಡತಿಯ ಮಧ್ಯೆ ಇಲ್ಲ. ಉಪಕಾರ ಆಯಿತು ಎನ್ನುವುದು ನೆರೆಮನೆಯವರಿಗೆ, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವರಿಗೆ. ಮನೆಯವರಿಗೆ ಹಾಗೆ ಹೇಳಿದರೆ ಅವರನ್ನು ಹೊರಗಿಟ್ಟ ಹಾಗೆ ಎಂದು ನಾನು ತಿಳಿದಿದ್ದೆ. ಅದು ಸುಳ್ಳೂ ಅಲ್ಲ. ಆದರೆ ಇನ್ನೊಂದು ಕಾರಣವೂ ಇತ್ತು. ನೀರಿನ ವಿಷಯದಲ್ಲಿ ನಾನೇ ದೊಡ್ಡವಳು ಎಂಬ ಜಂಬ ನನಗಿತ್ತು. ಬಿಸಿ ಸಾಲದಿದ್ದರೆ ಹೇಳುತ್ತಿದ್ದೆ. ಬಿಸಿ ಹೆಚ್ಚಿದ್ದರೆ ಹೇಳುತ್ತಿದ್ದೆ. ಸರಿ ಇದ್ದರೆ ಸುಮ್ಮನೆ ಮೀಯುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಅವರು ನನ್ನ ಬಾಯಿಂದ ಕೇಳಿದ್ದು ನೀರು ಸರಿ ಇಲ್ಲದ ದಿನಗಳ ಮಾತು ಮಾತ್ರ.

ಕೊನೆಯ ದಿನ ನನಗೆ ಚೆನ್ನಾಗಿ ನೆನಪಿದೆ. ಒಂದು ಶನಿವಾರ. ಅವರ ಕೋರೆಯ ಇಬ್ಬರು ಗೆಳೆಯರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಆ ದಿನ ಮೂರು ಮನೆಯ ಬದಲು ನಾಲ್ಕು ಮನೆ ಮಾಡಿ ಬಂದಿದ್ದೆ. ಅವರು ಬಚ್ಚಲಿನಿಂದ ಹೊರಗೆ ಬಂದು, "ನೀರು ಬಿಸಿ ಉಂಟು... ಸ್ವಲ್ಪ ಕಡಿಮೆ ಉಂಟಾ ಅಂತ" ಎಂದು ಎಳೆದರು. ಕಣ್ಣು ಎರಡೂ ಕೆಂಪು. ಶನಿವಾರ ಅವರು ಸ್ವಲ್ಪ ಕುಡಿಯುತ್ತಿದ್ದದ್ದು ಉಂಟು. ನಾನು ಹೋಗಿ ಹಂಡೆಗೆ ಕೈ ಹಾಕಿದೆ. ತಣ್ಣೀರು ಒಂದಿಷ್ಟು ಬೆಚ್ಚಗಾಗಿತ್ತು, ಅಷ್ಟೇ.

ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇದನ್ನು ನೀರು ಬಿಸಿ ಮಾಡಿದ್ದು ಅಂತ ಹೇಳ್ತಾರಾ? ಕುಡಿದು ಒಲೆ ಮುಂದೆ ಕೂತ್ರೆ ನೀರು ಕಾಯ್ತದಾ? ನಾನು ಬಾಣಂತಿಗೆ ಇಂಥ ನೀರು ಹಾಕಿದ್ರೆ ಪೊರಕೆ ತಗೊಂಡು ಓಡಿಸ್ತಾರೆ!"

ಗೆಳೆಯರು ಗೊಳ್ಳೆಂದು ನಕ್ಕರು. ಒಬ್ಬ, "ಕೂಸಪ್ಪಣ್ಣ, ನಿಮಗೆ ಬಾಣಂತಿ ಕೆಲಸ ಆಗ್ಲಿಕ್ಕಿಲ್ಲ, ಕಲ್ಲೇ ಕಡಿಯಿರಿ ಮಾರಾಯ್ರೆ" ಎಂದ. ಇವರೂ ಸ್ವಲ್ಪ ನಕ್ಕ ಹಾಗೆ ಮಾಡಿದರು. ನಾನು ಆ ನೀರಲ್ಲೇ ಮಿಂದೆ.

ಮರುದಿನ ನಾನು ಅಂಗಳಕ್ಕೆ ಬಂದಾಗ ಅವರು ಜಗಲಿಯಲ್ಲೇ ಇದ್ದರು. ಏನೂ ಹೇಳಲಿಲ್ಲ. ಬಚ್ಚಲಿಗೆ ಹೋಗಿ ನೋಡಿದರೆ ಒಲೆಯ ಬೂದಿ ಬಳಿದು ಚೊಕ್ಕ ಮಾಡಿತ್ತು. ಹಂಡೆ ಬೋರಲು ಹಾಕಿತ್ತು.

ಜಗಳ ಇಲ್ಲ, ಮುನಿಸು ಇಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು. ಸಂತೆಯಿಂದ ನನಗಿಷ್ಟದ ಬಂಗುಡೆ ತರುತ್ತಿದ್ದರು. ನೀರು ಮಾತ್ರ ಕಾಯಿಸಲಿಲ್ಲ. ಮೂರು ದಿನ ನೋಡುವ ಎಂದುಕೊಂಡೆ. ಆಮೇಲೆ ನನಗೂ ಹಠ ಬಂತು, ನನ್ನ ನೀರು ನಾನೇ ಕಾಯಿಸಿಕೊಂಡೆ. ವಾರ ಹೋಯಿತು, ವರ್ಷ ಹೋಯಿತು. ಮಗ ಕರೆಂಟಿನ ರಾಡ್ ತಂದ, ಆಮೇಲೆ ಗ್ಯಾಸಿನ ಗೀಸರ್ ಬಂತು. ಹಂಡೆಯನ್ನು ಅಟ್ಟಕ್ಕೆ ಹಾಕಿದೆವು. ಆ ಮೂರು ಮಾತು ಮತ್ತೆ ನಮ್ಮ ಮನೆಯಲ್ಲಿ ಕೇಳಲಿಲ್ಲ.

ಕೆಲವು ವರ್ಷಗಳ ನಂತರ ಅಳದಂಗಡಿಯ ಸುಜಾತನ ಬಾಣಂತನ ಸಿಕ್ಕಿತು. ಮೊದಲ ಹೆರಿಗೆ, ಹೆಣ್ಣು ಮಗು, ತಾಯಿಮನೆಯಲ್ಲಿ. ಗಂಡ ದಿನೇಶನಿಗೆ ಮೂಡಬಿದಿರೆಯಲ್ಲಿ ಟಯರ್ ಪಂಕ್ಚರ್ ಹಾಕುವ ಅಂಗಡಿ. ಹೆರಿಗೆಯ ದಿನ ಅವನು ಆಸ್ಪತ್ರೆಗೆ ಮುಟ್ಟುವಾಗ ಮಗು ಹುಟ್ಟಿ ನಾಲ್ಕು ಗಂಟೆ ಆಗಿತ್ತಂತೆ. ಸುಜಾತನ ತಾಯಿ ಅದನ್ನೇ ಹಿಡಿದುಕೊಂಡಿದ್ದರು. ಅವನನ್ನು ಜಗಲಿ ದಾಟಿಸುತ್ತಿರಲಿಲ್ಲ.

ಮೊದಲ ವಾರದಲ್ಲೇ ಒಂದು ದಿನ ಬೆಳಿಗ್ಗೆ ನಾನು ಬಸ್ಸು ಇಳಿಯುವಾಗ ಅವನು ಬೈಕ್ ನಿಲ್ಲಿಸಿಕೊಂಡು ನಿಂತಿದ್ದ.

"ನೀವು ನೀರು ಹಾಕುವವರಲ್ವಾ? ಅವಳು ಹೇಗಿದ್ದಾಳೆ?"

"ಹೋಗಿ ಅವಳನ್ನೇ ಕೇಳು."

"ಅತ್ತೆ ಮೆಟ್ಟಿಲಲ್ಲೇ ಮಾತಾಡಿ ಕಳಿಸ್ತಾರೆ."

"ಮತ್ತೆ ಇಲ್ಲಿ ಕಂಬದ ಹಾಗೆ ನಿಂತು ಎಂತ ಪ್ರಯೋಜನ? ಕೈಲಾಗುವ ಕೆಲಸ ಮಾಡು. ಬಾಣಂತಿ ನೀರಿಗೆ ಹಾಕಿ ಕುದಿಸ್ಲಿಕ್ಕೆ ನೆಕ್ಕಿ ಸೊಪ್ಪು ಬೇಕು, ಈ ಬದಿಯಲ್ಲಿ ಒಳ್ಳೆಯದು ಸಿಗುವುದಿಲ್ಲ."

"ನಮ್ಮ ಕೆರೆಯ ಹತ್ತಿರ ಬೇಕಾದಷ್ಟುಂಟು" ಎಂದ. ಮುಖ ಅರಳಿತು.

ಆ ದಿನದಿಂದ ದಿನ ಬಿಟ್ಟು ದಿನ ಅವನು ಮೂಡಬಿದಿರೆಯಿಂದ ವೇಣೂರು ದಾಟಿ ಬೈಕಿನಲ್ಲಿ ಬಂದು ಬಸ್ಸಿನ ಹತ್ತಿರ ಒಂದು ಕಟ್ಟು ಸೊಪ್ಪು ಕೊಟ್ಟು, ಹಿಂದೆ ಹೋಗಿ ಅಂಗಡಿ ತೆರೆಯುತ್ತಿದ್ದ. ಚಿಗುರೆಲೆ ಆರಿಸಿ, ಕಡ್ಡಿ ತೆಗೆದು, ಬಾಳೆನಾರಿನಲ್ಲಿ ಕಟ್ಟಿ ತರುತ್ತಿದ್ದ. ಸೊಪ್ಪು ಕೊಯ್ಯುವುದು ಎಲ್ಲರಿಗೂ ಬರುತ್ತದೆ. ಹಾಗೆ ಆರಿಸಿ ತರಬೇಕಾದರೆ ಮನಸ್ಸು ಬೇಕು.

ಬಚ್ಚಲಿನಲ್ಲಿ ಆ ನೀರು ಮೈಮೇಲೆ ಬಿದ್ದಾಗ ಸುಜಾತ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಲೀಲಕ್ಕ, ಬಸ್ಸಲ್ಲಿ ಇಷ್ಟು ದೊಡ್ಡ ಕಟ್ಟು ಹಿಡ್ಕೊಂಡು ಬರ್ತೀರಿ. ನನಗೋಸ್ಕರ ಎಷ್ಟು ಕಷ್ಟ ನಿಮಗೆ!"

"ಹ್ಞೂಂ. ಬೆನ್ನು ತಿರುಗಿಸು" ಎನ್ನುತ್ತಿದ್ದೆ ನಾನು.

ಮತ್ತೊಂದು ದಿನ, "ಅವರಿಗೆ ನನ್ನ ನೆನಪೇ ಇಲ್ಲ ಲೀಲಕ್ಕ. ಆದಿತ್ಯವಾರ ಬರ್ತಾರೆ, ಜಗಲಿಯಲ್ಲಿ ಪೇಪರ್ ಓದ್ತಾರೆ, ಹೋಗ್ತಾರೆ. ನನಗೆ ಅಂತ ಒಂದು ಹುಲ್ಲುಕಡ್ಡಿ ಎತ್ತಿಟ್ಟಿದ್ದಾರಾ?" ಎಂದು ಅತ್ತಳು. ಅವಳ ಬೆನ್ನಿನ ಮೇಲೆ ಅವನು ತಂದ ಎಲೆ ಅಂಟಿಕೊಂಡಿತ್ತು. ನಾನು ಎಲೆ ತೆಗೆದು ಬಿಸಾಡಿ ಇನ್ನೊಂದು ಚೆಂಬು ಹೊಯ್ದೆ.

ಅವನೂ ಒಂದು ಸಲ ಕೇಳಿದ್ದ. ಇಪ್ಪತ್ತನೆಯ ದಿನವೋ ಏನೋ. ಸೊಪ್ಪಿನ ಕಟ್ಟು ಕೊಟ್ಟು ಹೋಗದೆ ನಿಂತ. ಬೈಕಿನ ಕನ್ನಡಿ ಒರೆಸಿದ.

"ಲೀಲಕ್ಕ, ಇದು ನಾನು ತರುವುದು ಅಂತ ಅವಳಿಗೆ ಗೊತ್ತುಂಟಾ?"

"ನೀನೇ ಹೇಳು."

"ನಾನು ಮಾಡಿದೆ, ನಾನು ಮಾಡಿದೆ ಅಂತ ನಾನೇ ಹೇಗೆ ಹೇಳುವುದು? ನೀವು ಒಂದು ಮಾತು..."

"ನೋಡು ಮಾರಾಯ, ನಾನು ನೀರು ಹೊರುವವಳು. ಮಾತು ಹೊರುವವಳಲ್ಲ" ಎಂದು ನಡೆದುಬಿಟ್ಟೆ. ದೊಡ್ಡಮ್ಮನ ಕಟ್ಟಳೆಯನ್ನು ಎಷ್ಟು ಚೆನ್ನಾಗಿ ಹೇಳಿದೆ ಎಂದು ಖುಷಿಯಾಯಿತು.

ಕಟ್ಟಳೆಯ ಹಿಂದೆ ಅಡಗಿ ಕೂತದ್ದು ಏನೆಂದು ಈಗ ಬರೆಯುತ್ತೇನೆ. ಸುಜಾತನ ಹೊಗಳಿಕೆ ನನಗೆ ಹಿತವಾಗಿತ್ತು. ಎಷ್ಟೋ ಮನೆಗಳಲ್ಲಿ ನನ್ನನ್ನು ಹೊಗಳಿದ್ದಾರೆ, ಆದರೆ ಇಷ್ಟು ಬಾಯಿ ತುಂಬ ಯಾರೂ ಹೊಗಳಿರಲಿಲ್ಲ. ಸೊಪ್ಪು ಅವನದ್ದು ಎಂದು ಹೇಳಿದರೆ ಅದರಲ್ಲಿ ಅರ್ಧ ಹೋಗುತ್ತಿತ್ತು.

ನಲ್ವತ್ತನೆಯ ದಿನದ ಮೀಯುವುದು ಮುಗಿದ ಮೇಲೆ ನೀರು ಹಾಕಿದವಳಿಗೆ ಸೀರೆ, ಅಕ್ಕಿ, ತೆಂಗಿನಕಾಯಿ, ವೀಳ್ಯ ಕೊಟ್ಟು ಬಾಣಂತಿ ಕಾಲು ಹಿಡಿಯುವುದು ನಮ್ಮಲ್ಲಿ ಉಂಟು. ಸುಜಾತ ಕಾಲು ಹಿಡಿದವಳು ಅಳುತ್ತಾ ಏಳಲೇ ಇಲ್ಲ. ತಾಯಿಯ ಕಣ್ಣಲ್ಲೂ ನೀರು. ದಿನೇಶ ಜಗಲಿಯ ಕೊನೆಯಲ್ಲಿ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದ. ನನ್ನನ್ನು ನೋಡಿದ. ಈಗಲಾದರೂ ಹೇಳುತ್ತಾಳೇನೋ ಎಂಬಂಥ ನೋಟ ಅದು. ನಾನು ತೆಂಗಿನಕಾಯಿಯನ್ನು ಸೆರಗಿಗೆ ಹಾಕಿಕೊಂಡೆ.

ಸುಜಾತ ಗಂಡನ ಮನೆಗೆ ಹೋಗಲಿಲ್ಲ. ಮೂರು ತಿಂಗಳಿಗೆ ಹೋಗಬೇಕಾದವಳು ಆರು ತಿಂಗಳಾದರೂ ಹೋಗಲಿಲ್ಲ. "ಅವನು ನಿನಗೆ ಎಂತ ಮಾಡಿದ್ದಾನೆ, ಒಂದು ಹೇಳು ನೋಡುವ" ಎಂದು ತಾಯಿ ಕೇಳುತ್ತಿದ್ದರಂತೆ. ಅವಳ ಹತ್ತಿರ ಉತ್ತರ ಇರಲಿಲ್ಲ. ಉತ್ತರ ನನ್ನ ಹತ್ತಿರ ಇತ್ತು. ನಾನು ಅಷ್ಟರಲ್ಲಿ ಬೆಳ್ತಂಗಡಿಯಲ್ಲಿ ಬೇರೆ ಯಾರದೋ ಬೆನ್ನು ಉಜ್ಜುತ್ತಿದ್ದೆ. ಎರಡು ವರ್ಷದ ಮೇಲೆ ಅವರು ಕಾಗದದಲ್ಲೂ ಬೇರೆಯಾದರು ಎಂದು ಯಾರೋ ಹೇಳಿದರು. ಛೆ ಎಂದೆ, ಮರೆತೆ.

ಮರೆತದ್ದು ಮತ್ತೆ ಎದ್ದು ಬಂದದ್ದು ಬೆಳ್ತಂಗಡಿಯ ಬಸ್‌ಸ್ಟ್ಯಾಂಡಿನಲ್ಲಿ. "ಲೀಲಕ್ಕ ಅಲ್ವಾ?" ಎಂದು ಒಬ್ಬಳು ಕೈ ಹಿಡಿದಳು. ಸುಜಾತ. ಬಟ್ಟೆ ಅಂಗಡಿಯಲ್ಲಿ ಕೆಲಸ. ಆ ಮಗು ಆಗ ಹೈಸ್ಕೂಲಿಗೆ ಹೋಗುತ್ತಿತ್ತು. ಕುಶಲ ಎಲ್ಲ ಆಯಿತು.

"ನೆಕ್ಕಿ ಸೊಪ್ಪಿನ ವಾಸನೆ ಬಂದ್ರೆ ಈಗಲೂ ನಿಮ್ಮದೇ ನೆನಪು ಲೀಲಕ್ಕ. ಗಂಡನಿಂದ ಆಗದ್ದು ನಿಮ್ಮಿಂದ ಆಯ್ತು ನನಗೆ."

ಇಷ್ಟು ವರ್ಷ ಕಳೆದ ಮೇಲೂ ಅದನ್ನು ನುಂಗಿದರೆ ನಾನು ಮನುಷ್ಯಳೇ ಅಲ್ಲ ಎಂದು ಆಗ ಅನಿಸಿತು. ಹೇಳಿಬಿಟ್ಟೆ. ಸೊಪ್ಪು ತರುತ್ತಿದ್ದದ್ದು ಯಾರು, ಎಲ್ಲಿಂದ, ಹೇಗೆ ಕಟ್ಟಿ ತರುತ್ತಿದ್ದ, ನನ್ನನ್ನು ಏನು ಕೇಳಿದ, ನಾನು ಏನು ಹೇಳಿದೆ, ಎಲ್ಲ.

ಅವಳು ನನ್ನ ಕೈ ಬಿಟ್ಟಳು. ಚೀಲದ ಹಿಡಿ ಸರಿಮಾಡಿಕೊಂಡಳು.

"ಎಷ್ಟು ದಿನ ತಂದ್ರು?"

"ದಿನ ಬಿಟ್ಟು ದಿನ. ಕೊನೆಯವರೆಗೂ."

"ಆವತ್ತು ಹೇಳ್ಬೇಕಿತ್ತು ಲೀಲಕ್ಕ" ಎಂದಳು. ಸಿಟ್ಟಿನಲ್ಲಿ ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು. "ಈಗ ಅವರಿಗೆ ಬೇರೆ ಹೆಂಡತಿ, ಮಕ್ಕಳು ಉಂಟು. ಇದನ್ನು ತಗೊಂಡು ನಾನು ಎಂತ ಮಾಡ್ಲಿ?"

ಅವಳ ಬಸ್ಸು ಬಂತು. ಹತ್ತಿ ಹೋದಳು. ಕಿಟಕಿಯಿಂದ ತಿರುಗಿ ನೋಡಲಿಲ್ಲ.

ಅದಾದ ಮೇಲೆ ನಾನು ದೊಡ್ಡಮ್ಮನ ಮೂರನೆಯ ಕಟ್ಟಳೆಯನ್ನು ಅರ್ಧ ಮುರಿದೆ. ದೂರಿನ ಮಾತು ಈಗಲೂ ಹೊರುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಮಾಡಿದ ಒಳ್ಳೆಯದು ಕಂಡರೆ ಮಾತ್ರ ಹೊತ್ತುಕೊಂಡು ಹೋಗಿ ಮುಟ್ಟಿಸುತ್ತೇನೆ.

ಇದನ್ನೂ ಮೊದಲು ಹಾಳು ಮಾಡಿದೆ. ಮೂಡಬಿದಿರೆಯ ಒಂದು ಮನೆಯಲ್ಲಿ ಗಂಡ ದಿನವೂ ಕಟ್ಟಿಗೆ ಒಡೆದು ಬಚ್ಚಲ ಬಾಗಿಲಲ್ಲಿ ಇಡುತ್ತಿದ್ದ. ನಾನು ಅತ್ತೆ, ಮಾವ, ನಾದಿನಿ ಎಲ್ಲರ ಎದುರು, "ನಿನ್ನ ಗಂಡ ಕೈ ಬೊಕ್ಕೆ ಬರುವಷ್ಟು ಕಟ್ಟಿಗೆ ಒಡೀತಾನೆ, ಒಂದು ಒಳ್ಳೆ ಮಾತು ಹೇಳು" ಎಂದು ಹೆಂಡತಿಗೆ ಆಜ್ಞೆ ಮಾಡಿದೆ. ಅವಳು ಶಾಲೆಯ ಮಗು ಪದ್ಯ ಒಪ್ಪಿಸಿದ ಹಾಗೆ "ಥ್ಯಾಂಕ್ಸ್" ಎಂದಳು. ನಾದಿನಿ ಕಿಸಕ್ಕನೆ ನಕ್ಕಳು. ಆ ಗಂಡಸು ಕಿವಿಯವರೆಗೆ ಕೆಂಪಾಗಿ ಕೊಡಲಿ ಇಟ್ಟು ಹೋದವನು ಮತ್ತೆ ಕಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಅತ್ತೆ ನನಗೇ ಬೈದರು: "ನಡೀತಾ ಇದ್ದ ಕೆಲಸ ನಿಲ್ಲಿಸಿದ್ರಲ್ಲ ಲೀಲಕ್ಕ! ಇನ್ನು ನೀವೇ ಒಡೆಯಿರಿ." ನಾಲ್ಕು ದಿನ ನಾನೇ ಒಡೆದೆ.

ಹುಡುಗಿಯರೇ, ಇದು ನೆನಪಿರಲಿ. ಅವಮಾನ ಮಾಡುವುದು ನಾಲ್ಕು ಜನರ ಎದುರು ಬೇಗ ಆಗುತ್ತದೆ. ಉಪಕಾರದ ಮಾತು ಹಾಗಲ್ಲ, ಅದನ್ನು ಇಬ್ಬರೇ ಇರುವಾಗ ಹೇಳಬೇಕು. ಮತ್ತೆ, ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕು. ಬರೀ ಥ್ಯಾಂಕ್ಸ್ ಅಂಗಡಿಯವನಿಗೆ ಸಾಕು.

ಒಂದು ಕಡೆ ಸರಿಯಾಯಿತು. ಬಂಟ್ವಾಳದ ಸಫಿಯಾ, ಅವಳ ಗಂಡ ದುಬೈಯಲ್ಲಿ. ರಜೆಯಲ್ಲಿ ಬಂದಿದ್ದವನು ಹೆರಿಗೆಯ ಮೊದಲೇ ಹೋಗಬೇಕಾಗಿತ್ತು. ಹೋಗುವ ಮೊದಲು ಅಡುಗೆ ಕೋಣೆಯ ಬಿಸಿನೀರು ಬಚ್ಚಲಿಗೆ ಬರುವ ಹಾಗೆ ಪೈಪು ಹಾಕಿಸಿ, ಹಿಡಿದುಕೊಳ್ಳಲು ಗೋಡೆಗೆ ಒಂದು ಕಬ್ಬಿಣದ ಸರಳು ಕೂರಿಸಿ ಹೋಗಿದ್ದ. ಸಫಿಯಾ ದಿನವೂ ಆ ಸರಳು ಹಿಡಿದೇ ಕೂತು ಏಳುತ್ತಿದ್ದಳು, ಅದು ಗೋಡೆಯ ಜೊತೆಗೇ ಹುಟ್ಟಿದ್ದೋ ಎಂಬ ಹಾಗೆ.

"ಇದನ್ನು ಹಾಕಿಸಿದವನಿಗೆ ಹೇಳಿದ್ಯಾ?" ಎಂದು ಬಚ್ಚಲಲ್ಲೇ ಕೇಳಿದೆ.

"ಎಂತ ಹೇಳುವುದು? ನಗ್ತಾರೆ ಅಷ್ಟೇ."

"ನಗ್ಲಿ. ನಗು ಬಂದ್ರೆ ನಿನಗೆ ನಷ್ಟ ಉಂಟಾ?"

ಆ ದಿನ ಫೋನು ಬಂದಾಗ ಹೇಳಿದಳಂತೆ, ಈ ಸರಳು ಇಲ್ಲದಿದ್ದರೆ ನನಗೆ ಏಳಲು ಆಗುತ್ತಿರಲಿಲ್ಲ ಎಂದು. ಅವನು ಗಾಬರಿಯಲ್ಲಿ, "ನಿನಗೆ ಮೈ ಹುಷಾರುಂಟಲ್ಲ? ಡಾಕ್ಟ್ರು ಏನಾದ್ರೂ ಹೇಳಿದ್ರಾ?" ಎಂದು ಕೇಳಿದನಂತೆ! ಸಫಿಯಾ ಮರುದಿನ ಅದನ್ನು ಹೇಳುತ್ತಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಆದರೆ ಅಂದಿನಿಂದ ಅವನ ಫೋನು ದಿನವೂ ಮೀಯುವ ಹೊತ್ತಿಗೆ ಸರಿಯಾಗಿ ಬರತೊಡಗಿತು. "ನೀರು ಬರ್ತಾ ಉಂಟಾ? ಸರಳು ಅಲ್ಲಾಡುವುದಿಲ್ಲ ಅಲ್ವಾ?" ಅಷ್ಟು ದೂರ ಇದ್ದವನು ಬಚ್ಚಲಿನ ಬಾಗಿಲಿಗೇ ಬಂದು ನಿಂತ ಹಾಗಿತ್ತು. ಬಚ್ಚಲಿನ ಹತ್ತಿರ ಗಂಡಸರು ಬರಬಾರದು ಎಂಬ ದೊಡ್ಡಮ್ಮನ ಮೊದಲ ಕಟ್ಟಳೆಯೂ ಹೀಗೆ ಮುರಿಯಿತು.

ಆಗ ಮೈಮುನಾ ನನ್ನ ಜೊತೆ ಕಲಿಯುತ್ತಿದ್ದಳು. ಅವಳ ನಾಲಗೆ ನನ್ನದಕ್ಕಿಂತ ಹರಿತ. ನಡೆದುಕೊಂಡು ಬರುವಾಗ ನನ್ನ ಮನೆಯ ಹಂಡೆಯ ಕಥೆಯನ್ನು ಯಾವಾಗಲೋ ಅವಳಿಗೆ ಹೇಳಿದ್ದೆ. ಸಫಿಯಾಳ ಮನೆಯಿಂದ ಹೊರಟ ದಿನ ದಾರಿಯಲ್ಲಿ ಕೇಳಿದಳು.

"ಊರಿನವರಿಗೆಲ್ಲ ಹೇಳಿಸ್ತೀರಿ. ಕೂಸಪ್ಪಣ್ಣನಿಗೆ ನೀವು ಹೇಳಿದ್ರಾ?"

"ಈಗ ಹೇಳಿದ್ರೆ ನಗ್ತಾರೆ."

"ನಗ್ಲಿ. ನಿಮಗೆ ನಷ್ಟ ಉಂಟಾ?"

"ನೀನು ಕಲಿತದ್ದು ಸ್ವಲ್ಪ ಹೆಚ್ಚಾಯ್ತು ಮಾರಾಯ್ತಿ" ಎಂದೆ. ಅಂದೂ ಹೇಳಲಿಲ್ಲ. ಮಣಿಗಂಟು ಹೋಯಿತು, ಕೆಲಸ ಬಿಟ್ಟೆ, ಆಗಲೂ ಹೇಳಲಿಲ್ಲ. ಇಡೀ ದಿನ ಇಬ್ಬರೂ ಮನೆಯಲ್ಲೇ. ಮಾತಿಗೆ ಸಮಯ ಇಲ್ಲ ಎನ್ನುವ ನೆಪವೂ ಹೋಯಿತು. ಅವರಿಗೆ ಎಪ್ಪತ್ತೈದು ದಾಟಿದೆ. ಅವರು ಹೋದ ಮೇಲೆ ನೆರೆಯವರ ಎದುರು ಕೂತು, ನನ್ನ ಗಂಡ ಹನ್ನೊಂದು ವರ್ಷ ನೀರು ಕಾಯಿಸಿದ್ದರು ಎಂದು ಹೇಳಿಕೊಂಡು ಅಳುವ ಹೆಂಗಸಾಗುವುದು ನನಗೆ ಬೇಡವಾಗಿತ್ತು. ಅಂಥವರನ್ನು ಬೇಕಾದಷ್ಟು ನೋಡಿದ್ದೇನೆ.

ಈ ಪುಸ್ತಕದಲ್ಲಿ ಅಳದಂಗಡಿಯ ಮನೆಯವರೆಗೆ ಬರೆದು ಮುಗಿಸಿದ ದಿನ ಎದ್ದು ಜಗಲಿಗೆ ಹೋದೆ. ಅವರು ಹಳೆಯ ಕೊಡೆಯ ಕಡ್ಡಿಗೆ ತಂತಿ ಕಟ್ಟುತ್ತಾ ಕೂತಿದ್ದರು.

"ಕೇಳಿತಾ?" ಎಂದೆ.

"ಎಂತ?"

"ನಾನು ಕೆಲಸ ಮುಗಿಸಿ ಬರುವಾಗ ಹನ್ನೊಂದು ವರ್ಷ ನೀವು ನೀರು ಕಾಯಿಸಿಟ್ಟಿದ್ರಿ. ಆ ನೀರು ಇದ್ದದ್ದಕ್ಕೆ ನಾನು ಮರುದಿನ ಏಳ್ತಾ ಇದ್ದೆ. ಅದನ್ನು ನಿಮಗೆ ಹೇಳ್ಬೇಕಿತ್ತು, ಹೇಳಲಿಲ್ಲ."

ಅವರು ತಲೆ ಎತ್ತಲಿಲ್ಲ. ತಂತಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು.

"ಯಾವ ನೀರು?" ಎಂದರು.

ಮರೆತಿದ್ದಾರೆ. ಇಷ್ಟು ವರ್ಷ ನಾನೊಬ್ಬಳೇ ಹೊತ್ತುಕೊಂಡು ತಿರುಗಿದ್ದೇನೆ, ಅವರಿಗೆ ಅದೊಂದು ವಿಷಯವೇ ಅಲ್ಲ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು ಎಂದುಕೊಂಡು ಒಳಗೆ ಹೋಗಿ ಅಕ್ಕಿ ತೊಳೆದು ಗಂಜಿಗೆ ಇಟ್ಟೆ.

ಗಂಜಿ ಕುದಿಯುವ ಹೊತ್ತಿಗೆ ಅಡುಗೆ ಕೋಣೆಯ ಬಾಗಿಲಲ್ಲಿ ನೆರಳು ಬಿತ್ತು. ಕೊಡೆ ಹಿಡಿದುಕೊಂಡು ನಿಂತಿದ್ದರು. ನನ್ನನ್ನು ನೋಡಲಿಲ್ಲ, ಒಲೆಯನ್ನು ನೋಡಿದರು.

"ಆ ಶನಿವಾರ ಕಟ್ಟಿಗೆ ಹಸಿ ಇತ್ತು" ಎಂದರು. "ಊದಿ ಊದಿ ಸಾಕಾಯ್ತು. ನಾನು ಕುಡಿದಿರಲಿಲ್ಲ."

ಅಷ್ಟು ಹೇಳಿ ಜಗಲಿಗೆ ಹೋದರು.

ನಾನು ಸೌಟು ಹಿಡಿದುಕೊಂಡೇ ನಿಂತೆ. ಆ ದಿನದ ಅವರ ಕಣ್ಣು ನನ್ನೆದುರು ಬಂತು. ಆ ಕೆಂಪು ಹೊಗೆಯದ್ದು. ನಲ್ವತ್ತು ವರ್ಷ ಊರಿನವರ ಒಲೆ ಊದಿ ಅದೇ ಕೆಂಪು ಕಣ್ಣಲ್ಲಿ ಮನೆಗೆ ಬಂದವಳು ನಾನು. ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು.